ಯಾರೂ ಓದದ ಸಾಲು

“ಆ ಶೂ ಕೆರೆಯೋದು ನಿಲ್ಲಿಸ್ತೀರಾ ದಫೇದಾರ್ರೇ? ತಲೆ ಚಿಟ್ಟು ಹಿಡೀತಿದೆ.”

ದಫೇದಾರರು ನಿಲ್ಲಿಸಲಿಲ್ಲ. ಬಲಗಾಲಿನ ಶೂ ಬಿಚ್ಚಿ ನನ್ನ ಮೇಜಿನ ಅಂಚಿಗೆ ಆನಿಸಿಕೊಂಡು, ಬೀರುವಿನ ಕೀಲಿಯಿಂದ ಹೊಲಿಗೆಯ ಸಂದಿಯಲ್ಲಿದ್ದ ಬಿಳಿಯದನ್ನು ಎಬ್ಬುತ್ತಿದ್ದರು. ಅದು ಸಿಪ್ಪೆಯ ಹಾಗೆ ಸುರುಳಿ ಸುರುಳಿಯಾಗಿ ಎದ್ದು ನನ್ನ ಫೈಲಿನ ಮೇಲೆ ಬೀಳುತ್ತಿತ್ತು.

“ಮನೆಗೆ ಸುಣ್ಣ ಹೊಡೆಸ್ತಿದ್ದೀನಿ ಮೇಡಂ. ಎಲ್ಲಿ ಕಾಲಿಟ್ಟರೂ ಸುಣ್ಣ.”

“ನನ್ನ ಫೈಲಿಗೂ ಹೊಡೀಬೇಕಾ?”

ಅವರು ಊದಿದರು. ಸುರುಳಿಗಳು ಹಾರಿ ನನ್ನ ಟೀಗೆ ಬಿದ್ದವು.

ಸೋಮವಾರ ಸಂಜೆ ಪ್ರೆಸ್ಸಿನ ಮಾಲೀಕ ತನ್ನದೇ ಬೈಂಡಿಂಗ್ ಶೆಡ್ಡಿನಲ್ಲಿ ತಲೆ ಒಡೆದು ಬಿದ್ದಿದ್ದ. ಅವತ್ತಿನಿಂದ ಅವನಲ್ಲಿ ಪುಸ್ತಕ ಕಟ್ಟುವ ಬೈಂಡರ್ ಹುಡುಗ ನಾಪತ್ತೆ. ಇವತ್ತು ಶುಕ್ರವಾರ. ಮಾಲೀಕನಿಗೆ ಪ್ರಜ್ಞೆ ಬಂದಿಲ್ಲ. ಯಾವುದರಿಂದ ಹೊಡೆದರೋ ಆ ವಸ್ತು ಸಿಕ್ಕಿಲ್ಲ. ಸಿಕ್ಕಿದ್ದು ಒಂದೇ, ಬೈಂಡರನ ಕೋಣೆಯ ಗೋಡೆಗೂಡಿನಲ್ಲಿದ್ದ ಮಾತ್ರೆಗಳ ಡಬ್ಬಿ. ಮಂಗಳವಾರ ಬೆಳಿಗ್ಗೆ ನಾನೇ ಅದಕ್ಕೆ ಸೀಲು ಹಾಕಿ ಠಾಣೆಯ ಬೀರುವಿನಲ್ಲಿ ಇಟ್ಟೆ. ಆ ಡಬ್ಬಿ ಸಿಕ್ಕ ಕ್ಷಣದಿಂದ ಯಾರಿಗೂ ಬೇರೆ ಯಾವ ಸಾಕ್ಷಿಯೂ ಬೇಡವಾಗಿದೆ.

“ಸಾಹೇಬರು ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ರು,” ಎಂದರು ದಫೇದಾರರು. “ಹುಚ್ಚ ಹೊಡೆದ, ಹುಚ್ಚ ಓಡಿದ. ಇದರಲ್ಲಿ ಪತ್ತೆ ಮಾಡೋದು ಏನಿದೆ ಅಂತಾರೆ. ನನಗೂ ಹಾಗೇ ಅನ್ಸುತ್ತೆ.”

“ಹುಚ್ಚ ಅನ್ನಬೇಡಿ.”

“ಸರಿ. ಮಾತ್ರೆ ತಗೊಳ್ಳೋ ಹುಡುಗ ಹೊಡೆದ, ಮಾತ್ರೆ ತಗೊಳ್ಳೋ ಹುಡುಗ ಓಡಿದ. ಈಗ ಸರಿಹೋಯ್ತಾ?”

“ಹೊಡೆದವನೇ ಪಕ್ಕದಲ್ಲಿ ಕೂತು ಗಾಯಕ್ಕೆ ಪಟ್ಟಿ ಕಟ್ಟಿದ್ನಾ? ಬೈಂಡಿಂಗ್ ಬಟ್ಟೆ ಹರಿದು, ನಾಲ್ಕು ಮಡಿಕೆ ಮಾಡಿ, ಗಂಟು ಗಾಯದ ಮೇಲೆ ಬೀಳದ ಹಾಗೆ? ಆ ಪಟ್ಟಿ ಇಲ್ಲದಿದ್ದರೆ ಮಾಲೀಕ ಆಸ್ಪತ್ರೆ ಮುಟ್ಟುತ್ತಲೇ ಇರಲಿಲ್ಲ ಅಂದ್ರು ಸರ್ಜನ್ನು.”

“ಅದಕ್ಕೇ ಮೇಡಂ ಅದನ್ನ ಹುಚ್ಚು ಅನ್ನೋದು.”

ಈ ಮನುಷ್ಯನ ಜೊತೆ ವಾದ ಮಾಡುವುದಕ್ಕಿಂತ ಗೋಡೆಯ ಜೊತೆ ಮಾಡಬಹುದು. ಗೋಡೆ ಕನಿಷ್ಠ ನಗುವುದಿಲ್ಲ.

“ನನ್ನನ್ನ ಒಂದು ಸಲ ಆ ಶೆಡ್ಡಿಗೆ ಬಿಟ್ಟಿದ್ರೆ ಎಲ್ಲಾ ಒಂದು ಗಂಟೆಯಲ್ಲಿ ಹೊರಗೆ ತೆಗೀತಿದ್ದೆ,” ಎಂದು ಅವರು ಶೂ ಹಾಕಿಕೊಂಡರು. “ಸೋಮವಾರ ನನಗೆ ರಜೆ. ಮಂಗಳವಾರ ಆ ಹುಡುಗನ ಮನೆ ಹುಡುಕೋಕೆ ಕರ್ಕೊಂಡು ಹೋದ್ರಿ, ಆಮೇಲೆ ಇಲ್ಲೇ ಕೂರಿಸಿದ್ರಿ. ಆ ಶೆಡ್ಡಿನ ಬಾಗಿಲೂ ನೋಡಿಲ್ಲ ನಾನು.”

“ಯಾರಾದ್ರೂ ಠಾಣೆ ಕಾಯಬೇಕಲ್ಲ. ನೋಡಿ, ಆ ಹುಡುಗ ಸಿಕ್ಕರೆ ಬೈಬೇಡಿ, ಕೈ ಮಾಡಬೇಡಿ. ನಾಲ್ಕು ರಾತ್ರಿಯಿಂದ ಮಾತ್ರೆ ತಗೊಂಡಿಲ್ಲ ಅವನು, ಡಬ್ಬಿ ನಮ್ಮ ಹತ್ರ ಇದೆ. ಮೊದಲು ಮಾತ್ರೆ ಕೊಡಿ, ಆಮೇಲೆ ಮಾತು.”

“ಸೀಲು?”

“ಒಡೀರಿ. ಒಡೆದೆ ಅಂತ ಬರೆದು ಸಹಿ ಹಾಕಿ.”

“ಎಷ್ಟು ಕೊಡಲಿ?”

“ಡಬ್ಬಿ ಮೇಲೆ ಬರೆದಿದೆಯಲ್ಲ ದಫೇದಾರ್ರೇ. ನಾಲ್ಕು.”

ಹೇಳಿ ಹೊರಟೆ. ಇಡೀ ಇಲಾಖೆಯಲ್ಲಿ ಆರೋಪಿಯ ಔಷಧದ ಬಗ್ಗೆ ಯೋಚಿಸುವವಳು ನಾನೊಬ್ಬಳೇ ಅಂತ ಒಳಗೊಳಗೇ ಬೀಗಿದೆ ಕೂಡ.

*

ಮನೋವೈದ್ಯರ ಕೋಣೆಯಲ್ಲಿ ಎರಡು ಕುರ್ಚಿ, ಒಂದು ತೂಕದ ಯಂತ್ರ, ಮತ್ತು ನಿಲ್ಲದ ಫೋನು. ಡಾಕ್ಟರು ನನ್ನ ಮುಂದೆ ಬೈಂಡರನ ಫೈಲು ಹಾಕಿ, ಫೋನಿನಲ್ಲಿ ಯಾರಿಗೋ ಮಾತ್ರೆ ನಿಲ್ಲಿಸಬೇಡಿ ಎಂದು ಬೇಡಿಕೊಳ್ಳುತ್ತಿದ್ದರು.

“ಕ್ಲೋಜಪೀನ್,” ಎಂದರು ಫೋನ್ ಇಟ್ಟು. “ಬೇರೆ ಎರಡು ಔಷಧ ಕೈಕೊಟ್ಟ ಮೇಲೆ ಕೊಡೋದು. ಇವನಿಗೂ ಹಾಗೇ, ಮೊದಲ ಒಂಬತ್ತು ತಿಂಗಳು ಅವೆರಡೂ ಕೆಲಸ ಮಾಡಲಿಲ್ಲ. ಇದು ಶುರುವಾಗಿ ಹದಿನೈದು ತಿಂಗಳು. ಸಾಯ್ತೀನಿ ಅಂತ ಹಟ ಹಿಡಿದವರು ಇದನ್ನ ತಗೊಂಡು ಕೆಲಸಕ್ಕೆ ಹೋಗ್ತಿರೋದನ್ನ ನೋಡಿದ್ದೀನಿ. ಒಳ್ಳೆ ಔಷಧ. ಆದ್ರೆ ಇದಕ್ಕೆ ಕಾವಲು ಬೇಕು.”

“ಕಾವಲು ಅಂದ್ರೆ?”

“ರಕ್ತ ಪರೀಕ್ಷೆ. ನೂರರಲ್ಲಿ ಒಬ್ಬರಿಗೋ ಅದಕ್ಕಿಂತ ಕಡಿಮೆ ಜನಕ್ಕೋ ಬಿಳಿ ಕಣ ಕುಸಿದು ಬಿಡುತ್ತೆ. ಆಮೇಲೆ ಒಂದು ಗಂಟಲು ನೋವೂ ಜೀವ ತೆಗೀಬಹುದು. ಅದಕ್ಕೆ ಮೊದಲು ವಾರಕ್ಕೊಂದು ಪರೀಕ್ಷೆ, ಆಮೇಲೆ ಹದಿನೈದು ದಿನಕ್ಕೊಂದು, ವರ್ಷ ದಾಟಿದ ಮೇಲೆ ತಿಂಗಳಿಗೊಂದು. ವರದಿ ಸರಿಯಿದ್ದರೆ ಮಾತ್ರ ಮುಂದಿನ ಮಾತ್ರೆ. ಮಲಬದ್ಧತೆ ಆದ್ರೂ ನಾವು ನಕ್ಕು ಸುಮ್ಮನಾಗೋ ಹಾಗಿಲ್ಲ, ಕರುಳೇ ನಿಂತುಹೋಗಬಹುದು. ತೂಕ ಏರುತ್ತೆ. ಬೆಳಿಗ್ಗೆ ಏಳೋಕೆ ಆಗಲ್ಲ. ನಿದ್ದೆಯಲ್ಲಿ ಜೊಲ್ಲು ಸುರಿದು ದಿಂಬು ಒದ್ದೆ.”

“ಇವನು ಮಾತ್ರೆ ಬಿಟ್ಟಿದ್ದ ಅಂತ ನಮ್ಮ ಸಾಹೇಬರ ವಾದ.”

“ಬಿಟ್ಟಿಲ್ಲ. ಎರಡು ಸಲ ರಕ್ತದಲ್ಲಿ ಔಷಧದ ಮಟ್ಟ ಅಳೆಸಿದ್ದೀನಿ. ಎರಡೂ ಸಲ ಸರಿಯಾಗಿತ್ತು. ಮತ್ತೆ ನಿಮ್ಮ ಸಾಹೇಬರಿಗೆ ಹೇಳಿ, ಈ ಕಾಯಿಲೆಯವರು ಹೊಡೆಯೋದಕ್ಕಿಂತ ಹೊಡೆಸಿಕೊಳ್ಳೋದೇ ಜಾಸ್ತಿ.”

ನನಗೆ ಬೇಕಾಗಿದ್ದು ಇದೇ. ಮಾತ್ರೆ ತಗೊಳ್ಳುತ್ತಿದ್ದ, ಕೆಲಸ ಮಾಡುತ್ತಿದ್ದ, ಜಗಳದ ದೂರು ಒಂದೂ ಇಲ್ಲ. ಇಷ್ಟು ಹಿಡಿದುಕೊಂಡು ಸಾಹೇಬರ ಮುಂದೆ ನಿಲ್ಲಬಹುದು.

“ಸಿಕ್ಕ ಕೂಡಲೆ ಮಾತ್ರೆ ಕೊಡಿ ಅಂತ ಠಾಣೆಯಲ್ಲಿ ಹೇಳಿ ಬಂದಿದ್ದೀನಿ,” ಎಂದೆ.

ಡಾಕ್ಟರು ಕನ್ನಡಕ ತೆಗೆದರು. “ಎಷ್ಟು?”

“ನಾಲ್ಕು. ಅವನ ಡೋಸು.”

“ಅಯ್ಯೋ, ಹಾಗೆ ಮಾಡಬಾರದು! ಎರಡು ದಿನ ತಪ್ಪಿತು ಅಂದ್ರೆ ದೇಹ ಇದನ್ನ ಮರೆತುಬಿಡುತ್ತೆ. ಮತ್ತೆ ಚಿಕ್ಕ ಮಾತ್ರೆಯ ಅರ್ಧ ಚೂರಿಂದ ಶುರು ಮಾಡಿ, ದಿನ ದಿನ ಏರಿಸಬೇಕು. ಒಂದೇ ಸಲ ನಾಲ್ಕು ಕೊಟ್ಟರೆ ಬಿಪಿ ಬೀಳುತ್ತೆ, ಫಿಟ್ಸ್ ಬರಬಹುದು. ಹದಿನೈದು ತಿಂಗಳು ತಗೊಂಡವನಿಗೇ ಈ ಗತಿ. ಜನ್ಮದಲ್ಲಿ ತಗೊಳ್ಳದವರಿಗೆ ಕೊಟ್ಟರಂತೂ ಉಸಿರೇ ನಿಲ್ಲಬಹುದು.”

ನನ್ನ ಜಂಬ ಇಳಿಯಿತು. ಠಾಣೆಗೆ ಹೇಳಬೇಕು ಎಂದು ಮೊಬೈಲ್ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಡಾಕ್ಟರ ಫೋನು ಮತ್ತೆ ಬಡಿದುಕೊಂಡಿತು. ಅವರು ಮಾತಾಡುವಾಗ ನಾನೂ ಮಾತಾಡುವುದು ಬೇಡ ಎಂದು ಒಂದು ಕೈಯಲ್ಲಿ ಮೊಬೈಲ್ ಹಿಡಿದುಕೊಂಡೇ ಫೈಲು ತಿರುವಿದೆ.

ರಕ್ತದ ವರದಿ ಓದಲು ನನಗೆ ಬರುವುದಿಲ್ಲ. ಒಂದು ಹಾಳೆಯಲ್ಲಿ ಇಪ್ಪತ್ತು ಸಾಲು. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಗೊತ್ತಿಲ್ಲದವಳು ಮಾಡುವುದನ್ನೇ ಮಾಡಿದೆ. ಎಲ್ಲ ಹಾಳೆಗಳ ಎಲ್ಲ ಸಾಲುಗಳನ್ನೂ ಓದಿದೆ, ಶಾಲೆಯಲ್ಲಿ ಮಗ್ಗಿ ಓದಿದ ಹಾಗೆ.

ಎಂಟನೆಯ ಸಾಲು: 67. ಮುಂದಿನ ಹಾಳೆ: 68. ಮುಂದಿನದು: 67. 67. 68. ಹನ್ನೊಂದು ತಿಂಗಳ ಹಾಳೆಗಳೆಲ್ಲ ಹೀಗೇ. ಆಮೇಲೆ ಒಂದು ಹಾಳೆಯಲ್ಲಿ 91. ಮುಂದೆ 90. 91. 91. 91. ಕೊನೆಯ ಐದೂ ಹಾಗೇ.

“ಡಾಕ್ಟ್ರೇ, ಈ ಎಂಟನೇ ಸಾಲು ಏನು?”

“ಕೆಂಪು ಕಣದ ಗಾತ್ರ. ಅದು ನಮಗೆ ಬೇಡ. ನಾವು ನೋಡೋದು ಬಿಳಿ ಕಣದ ಸಾಲು ಒಂದೇ.”

“ಇಷ್ಟು ದಿನ ಅರವತ್ತೇಳು ಇತ್ತು. ಈಗ ತೊಂಬತ್ತೊಂದು.”

“ಹಾಗಿರೋಕೆ ಸಾಧ್ಯವೇ ಇಲ್ಲ.” ಫೈಲು ಎಳೆದುಕೊಂಡರು. ಹಾಳೆ ಮಗುಚಿದರು. ಮತ್ತೆ ಹಿಂದಕ್ಕೆ ಮಗುಚಿದರು. ಅವರ ಕಿವಿಗಳು ಕೆಂಪಗಾದವು.

“ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಕಣ ಚಿಕ್ಕದು,” ಎಂದರು ನಿಧಾನಕ್ಕೆ. “ಕಾಯಿಲೆ ಅಲ್ಲ. ಅಪ್ಪ ಅಮ್ಮನಿಂದ ಬರುತ್ತೆ, ಸಾಯೋವರೆಗೂ ಇರುತ್ತೆ. ಇವನದು ಅಂಥದ್ದು, ಶುರುವಿನಲ್ಲೇ ಪರೀಕ್ಷೆ ಮಾಡಿಸಿ ಬರೆದಿಟ್ಟಿದ್ದೀನಿ.”

“ಟಾನಿಕ್ ಕುಡಿದು ದೊಡ್ಡದಾಗಿರಬಹುದಾ?”

“ಹದಿನೈದು ದಿನದಲ್ಲಿ? ಟಾನಿಕ್ ಸಾಲದು, ಇನ್ನೊಂದು ಸಲ ಹುಟ್ಟಿ ಬರಬೇಕು.”

“ಅಂದ್ರೆ ಈ ಐದು ವರದಿ…”

“ಬೇರೆಯವರ ರಕ್ತ.” ಕುರ್ಚಿಗೆ ಒರಗಿದರು. “ನಾಲ್ಕು ತಿಂಗಳಿಂದ ಬೇರೆ ಯಾರದೋ ರಕ್ತ ನೋಡಿ ಇವನಿಗೆ ಮಾತ್ರೆ ಬರೆದುಕೊಟ್ಟಿದ್ದೀನಿ.”

ನಾಲ್ಕು ತಿಂಗಳ ಹಿಂದೆ ಏನಾಯಿತು ಎಂದು ಕೇಳಿದೆ. ಅವರು ಫೈಲಿನಲ್ಲೇ ಬೆರಳಿಟ್ಟು ತೋರಿಸಿದರು. ಕಿವಿಯಲ್ಲಿ ಕೇಳುವ ಧ್ವನಿಗಳು ಪೂರ್ತಿ ನಿಂತಿಲ್ಲ ಎಂದು ಬೈಂಡರ್ ಹೇಳಿದ್ದ. ಔಷಧ ಸಾಲುತ್ತಿಲ್ಲವೋ ಏನೋ ಎಂದು ಅದರ ಮಟ್ಟ ಅಳೆಯಲು ಮೊದಲ ಸಲ ಬರೆದದ್ದು ಆಗಲೇ. ಅಲ್ಲಿಯವರೆಗೆ ಇಲ್ಲಿಯೇ ಬಂದು ರಕ್ತ ಕೊಡುತ್ತಿದ್ದವನು ಇನ್ನು ಮುಂದೆ ಮನೆಯಲ್ಲೇ ಕೊಡುತ್ತೇನೆ, ಅಕ್ಕ ಲ್ಯಾಬಿನವಳು, ಅವಳೇ ತೆಗೆದು ಕಳಿಸುತ್ತಾಳೆ ಎಂದನಂತೆ.

“ಔಷಧದ ಮಟ್ಟ ಸರಿಯಾಗಿತ್ತು ಅಂದ್ರಲ್ಲ,” ಎಂದೆ. “ಯಾರ ರಕ್ತದಲ್ಲಿ?”

ಆ ಐದು ಹಾಳೆಗಳ ರಕ್ತ ಯಾರದೇ ಇರಲಿ, ಅವರು ಕ್ಲೋಜಪೀನ್ ನುಂಗುತ್ತಿದ್ದರು.

“ಅಷ್ಟು ಚೆನ್ನಾಗಿ ಹೇಳಿಕೊಳ್ಳೋ ರೋಗಿ ನನಗೆ ಸಿಕ್ಕೇ ಇರಲಿಲ್ಲ,” ಎಂದರು ಡಾಕ್ಟರು ತಮಗೇ ಹೇಳಿಕೊಳ್ಳುವಂತೆ. “ಧ್ವನಿಗಳು ಏನಂದವು ಅನ್ನೋದನ್ನ ಚೀಟಿಯಲ್ಲಿ ಬರೆದುಕೊಂಡು ಬಂದು ಓದ್ತಿದ್ದ. ನೋಡಿ, ಇಲ್ಲೇ ಇವೆ.”

ಗುಂಡಗಿನ, ಒತ್ತಿ ಬರೆದ ಅಕ್ಷರ. ಒಂದು ಚೀಟಿ ಕೇಳಿ ತೆಗೆದುಕೊಂಡು, ಮೊಬೈಲನ್ನು ಜೇಬಿಗೆ ತುರುಕಿ ಓಡಿದೆ.

ಠಾಣೆಗೆ ಫೋನ್ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಉತ್ತರ ಸರಳ: ನಾನೂ ಒಂದೇ ಸಾಲು ನೋಡುತ್ತಿದ್ದೆ.

*

ಬೈಂಡರನ ಮನೆಯ ಬಾಗಿಲು ತೆರೆದದ್ದು ಅವನ ಚಿಕ್ಕಮ್ಮ. ಒಳಗೆ ರೇಡಿಯೊ ಕಿರುಚುತ್ತಿತ್ತು, ಮಧ್ಯಾಹ್ನ ಮೂರು ಗಂಟೆಗೆ, ಕಿವಿ ಹರಿಯುವಷ್ಟು ಜೋರಾಗಿ.

“ಬನ್ನಿ ಅಮ್ಮ. ಮಾತ್ರೆ ಎತ್ಕೊಂಡು ಹೋಗಾಯ್ತು, ಈಗ ಪಾತ್ರೆ ಎತ್ಕೊಂಡು ಹೋಗಿ.”

“ರೇಡಿಯೊ ಸ್ವಲ್ಪ ಸಣ್ಣ ಮಾಡ್ತೀರಾ?”

“ನಾನಲ್ಲ, ಅವನ ಅಕ್ಕ. ಮೂರು ದಿನದಿಂದ ಹೀಗೇ. ಆರಿಸಿದ್ರೆ ಬಂದು ಮತ್ತೆ ಹಾಕ್ತಾಳೆ. ನಿದ್ದೆ ಇಲ್ಲ, ತಿಂದಿದ್ದು ನಿಲ್ಲಲ್ಲ, ಬೆವರು ಬೇರೆ. ತಮ್ಮ ಹೋದ ದುಃಖ ಇರಲಿ, ರೇಡಿಯೊ ಏನು ಪಾಪ ಮಾಡಿತ್ತು?”

ಬೈಂಡರನ ಅಕ್ಕ ಲ್ಯಾಬಿನ ಪರವಾಗಿ ಮನೆಮನೆಗೆ ಹೋಗಿ ರಕ್ತ ತೆಗೆಯುವವಳು. ಸೂಜಿ ಚುಚ್ಚುವಾಗ ಮಕ್ಕಳಿಗೆ ‘ಇರುವೆ ಬಂತು, ಇರುವೆ ಹೋಯ್ತು’ ಎನ್ನುತ್ತಾಳೆಂದು ಬೀದಿಯವರೆಲ್ಲ ಅವಳನ್ನು ಇರುವೆಯಕ್ಕ ಎನ್ನುತ್ತಾರೆ. ಕಾಯಿಲೆಯ ತಮ್ಮನನ್ನು ಸಾಕುತ್ತಿರುವವಳು ಎಂದು ಹೊಗಳಿ ಹೊಗಳಿ ಅವಳನ್ನು ದೇವರ ಪಟದ ಹಾಗೆ ಗೋಡೆಗೆ ತೂಗುಹಾಕುವುದೊಂದು ಬಾಕಿ. ಅವಳು ಸ್ನಾನಕ್ಕೆ ಹೋಗಿದ್ದಳು.

“ಚಿಕ್ಕಮ್ಮ, ಇಲ್ಲಿ ಬಟ್ಟೆ ಒಗೆಯೋರು ಯಾರು?”

“ಇನ್ಯಾರು? ನಾನೇ. ಅದೂ ಕೇಸಿಗೆ ಬೇಕಾ?”

“ತಮ್ಮನ ದಿಂಬು?”

“ಅವನ ದಿಂಬು ತಿಂಗಳಿಗೊಂದು ಸಲ ಒಗೆದರೆ ಹೆಚ್ಚು, ಚೊಕ್ಕಟ. ಇವಳದೇ ನೋಡಿ ಗೋಳು. ದಿಂಬಿನ ಮೇಲೆ ಟವಲ್ ಹಾಸ್ಕೊಂಡು ಮಲಗ್ತಾಳೆ, ಬೆಳಿಗ್ಗೆ ಹಿಂಡಿದ್ರೆ ನೀರು ಬರುತ್ತೆ. ಮೂವತ್ತು ದಾಟಿದೆ, ಹಲ್ಲು ಬರ್ತಿರೋ ಕೂಸಿನ ಹಾಗೆ ಜೊಲ್ಲು! ಬೆಳಿಗ್ಗೆ ಎಬ್ಬಿಸೋಕೆ ಅರ್ಧ ಗಂಟೆ. ಈ ಮೂರು ದಿನ ಮಾತ್ರ ಟವಲ್ ಒಣಗಿದೆ, ಮಲಗಿದ್ರೆ ತಾನೇ.”

ಕಿಟಕಿಯ ಪಕ್ಕದ ಮೇಜಿನ ಮೇಲೆ ಅವಳ ರಕ್ತದ ಕೊಳವೆಗಳ ಪೆಟ್ಟಿಗೆ ಇತ್ತು. ಖಾಲಿ ಕೊಳವೆಗಳ ಮೇಲೆ ನಾಳೆಯ ಹೆಸರುಗಳ ಚೀಟಿ ಅಂಟಿಸಿದ್ದಳು. ಗುಂಡಗಿನ, ಒತ್ತಿ ಬರೆದ ಅಕ್ಷರ. ಡಾಕ್ಟರ ಚೀಟಿಯನ್ನು ಪಕ್ಕಕ್ಕೆ ಹಿಡಿದೆ.

ಹಿಂದೆ ಬಾಗಿಲು ಸದ್ದಾಯಿತು. ಇರುವೆಯಕ್ಕ ನಿಂತಿದ್ದಳು. ಈಗಷ್ಟೇ ಮಿಂದು ಬಂದವಳ ಹಣೆಯಲ್ಲಿ ಆಗಲೇ ಬೆವರು.

“ತಮ್ಮ ಸಿಕ್ಕಿದ್ನಾ ಮೇಡಂ?”

“ಇಲ್ಲ. ಚಿಕ್ಕಮ್ಮ, ಒಂದು ಲೋಟ ನೀರು ತರ್ತೀರಾ? ನಿಧಾನಕ್ಕೆ ತನ್ನಿ.”

“ಹೊರಗೆ ಹೋಗು ಅಂತ ನೇರವಾಗಿ ಹೇಳಬಹುದಲ್ಲ,” ಎಂದು ಚಿಕ್ಕಮ್ಮ ಒಳಗೆ ಹೋದರು.

“ಎಡ ತೋಳು ತೋರಿಸಿ,” ಎಂದೆ.

“ಯಾಕೆ?”

“ತೋರಿಸಿ ಇರುವೆಯಕ್ಕ. ಬೆಳಿಗ್ಗೆಯಿಂದ ನನಗೆ ಸಾಕಾಗಿದೆ. ನಿಮ್ಮ ತಮ್ಮನ ಕೆಂಪು ಕಣ ಚಿಕ್ಕದು. ನಾಲ್ಕು ತಿಂಗಳಿಂದ ಅವನ ಹೆಸರಲ್ಲಿ ಹೋಗ್ತಿರೋ ರಕ್ತದಲ್ಲಿ ಕೆಂಪು ಕಣ ದೊಡ್ಡದು. ಲ್ಯಾಬಲ್ಲಿ ಕೆಲಸ ಮಾಡೋರಿಗೆ ನಾನು ಹೇಳಿಕೊಡಬೇಕಾ?”

ರೇಡಿಯೊದಲ್ಲಿ ಯಾರೋ ಸೋಪು ಮಾರುತ್ತಿದ್ದರು. ಆಮೇಲೆ ಅವಳು ಬಟ್ಟೆಯ ತೋಳನ್ನು ಮೇಲಕ್ಕೆ ಮಡಿಸಿದಳು. ಮೊಣಕೈಯ ಒಳಮಡಿಕೆಯಲ್ಲಿ ಸಣ್ಣ ಸಣ್ಣ ಚುಕ್ಕೆಗಳು, ಒಂದರ ಪಕ್ಕ ಒಂದು.

“ಎಂಟನೇ ಸಾಲು,” ಎಂದಳು. “ಅದನ್ನ ಯಾರೂ ಓದಲ್ಲ ಅಂದುಕೊಂಡಿದ್ದೆ. ನಮ್ಮ ಲ್ಯಾಬಲ್ಲೇ ಯಾರೂ ಓದಲ್ಲ.”

“ಕಾಯಿಲೆ ನಿಮ್ಮದು.”

“ಹೌದು.”

“ಅವನಿಗೆ?”

“ಅವನಿಗೆ ಏನೂ ಇಲ್ಲ. ಒಂದು ತಲೆನೋವೂ ಬಂದಿಲ್ಲ. ಒಂದು ಮಾತ್ರೆಯನ್ನೂ ನುಂಗಿಲ್ಲ.”

ಕುರ್ಚಿ ಎಳೆದು ಕೂತೆ. ಇಡೀ ಊರು ನಾಲ್ಕು ದಿನದಿಂದ ಒಬ್ಬ ಹುಚ್ಚನನ್ನು ಹುಡುಕುತ್ತಿದೆ. ಅಂಥವನು ಎಂದೂ ಇರಲೇ ಇಲ್ಲ.

“ಎರಡು ವರ್ಷದ ಹಿಂದೆ ಶುರುವಾಯ್ತು,” ಎಂದಳು. “ಒಬ್ಬರ ಮನೆಯಲ್ಲಿ ರಕ್ತ ತೆಗೀತಿದ್ದೆ. ಕೊಳವೆಯೊಳಗಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ಮನೆಗೆ ಬಂದು ತಮ್ಮನಿಗೆ ಹೇಳಿದೆ. ಸೂಜಿ ಹಿಡಿಯೋ ಕೈಗೆ ಈ ಕಾಯಿಲೆ ಇದೆ ಅಂತ ಗೊತ್ತಾದ್ರೆ ಯಾರು ತೋಳು ಚಾಚ್ತಾರೆ ಮೇಡಂ? ಅವನೇ ಅಂದ, ‘ನನ್ನ ಹೆಸರಲ್ಲಿ ತೋರಿಸ್ಕೊಳ್ಳೋಣ ಅಕ್ಕ. ನನ್ನ ಕೆಲಸ ಕಾಗದದ ಜೊತೆ. ಕಾಗದ ನನ್ನ ನೋಡಿ ಹೆದರಲ್ಲ’ ಅಂತ. ನಾನು ಬರೆದುಕೊಟ್ಟೆ, ಅವನು ಹೋಗಿ ಓದಿದ.”

“ಪರೀಕ್ಷೆ ಅವನ ರಕ್ತಕ್ಕೆ, ಮಾತ್ರೆ ನಿಮ್ಮ ಹೊಟ್ಟೆಗೆ! ಹನ್ನೊಂದು ತಿಂಗಳು! ನಿಮ್ಮ ಬಿಳಿ ಕಣ ಕುಸಿದಿದ್ರೆ ಯಾರಿಗೆ ಗೊತ್ತಾಗ್ತಿತ್ತು?”

“ನನಗೆ. ವಾರ ವಾರ ನನ್ನದನ್ನೂ ತೆಗೆದು, ‘ಯಂತ್ರದ ಪರೀಕ್ಷೆಗೆ’ ಅಂತ ಚೀಟಿ ಅಂಟಿಸಿ ನೋಡ್ತಿದ್ದೆ. ಒಂದು ವಾರವೂ ತಪ್ಪಿಸಿಲ್ಲ.” ಮೊದಲ ಸಲ ಅವಳ ದನಿಯಲ್ಲಿ ಕೊಂಚ ಗತ್ತು ಬಂತು. “ಔಷಧದ ಮಟ್ಟ ಅಳೀತೀನಿ ಅಂದಾಗ ಮಾತ್ರ ದಾರಿ ಇರಲಿಲ್ಲ. ಅವನ ರಕ್ತದಲ್ಲಿ ಔಷಧ ಎಲ್ಲಿಂದ ಬರಬೇಕು? ಒಮ್ಮೆ ನನ್ನದು, ಒಮ್ಮೆ ಅವನದು ಅಂತ ಕಳಿಸಿದ್ರೆ ಯಾರಾದ್ರೂ ಹಿಡೀತಾರೆ. ಅದಕ್ಕೇ ಅಲ್ಲಿಂದ ಎಲ್ಲಾ ನನ್ನದೇ.”

ಎಷ್ಟು ಅಚ್ಚುಕಟ್ಟು! ಇಬ್ಬರೂ ಸೇರಿ ಡಾಕ್ಟರನ್ನು, ಲ್ಯಾಬನ್ನು, ಚಿಕ್ಕಮ್ಮನನ್ನು, ಕೊನೆಗೆ ನನ್ನನ್ನು ಯಾಮಾರಿಸಿದ್ದರು, ಯಾರಿಗೂ ಒಂದು ಕೂದಲೂ ಕೊಂಕದ ಹಾಗೆ. ಕೋಪ ಬಂತು, ನನ್ನ ಮೇಲೂ. ಮಂಗಳವಾರ ಆ ಡಬ್ಬಿಯನ್ನು ಹೊತ್ತೊಯ್ದವಳು ನಾನೇ.

“ಆ ಡಬ್ಬಿ ನನ್ನದು ಅಂತ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಎರಡು ವರ್ಷ ಅವನು ಹೊತ್ತಿದ್ದು ಯಾತಕ್ಕಾಯ್ತು?” ಗೋಡೆಯ ಕಡೆ ತಿರುಗಿ, “ಸುಮ್ನಿರು” ಎಂದಳು. ನನಗಲ್ಲ. ಮರುಕ್ಷಣ ನನ್ನ ಕಡೆ ನೋಡಿ ನಾಚಿದಳು. “ಕ್ಷಮಿಸಿ. ಬುಧವಾರದಿಂದ ಆ ಧ್ವನಿ ಮತ್ತೆ ಶುರುವಾಗಿದೆ. ರೇಡಿಯೊ ಇದ್ದರೆ ಸ್ವಲ್ಪ ದೂರ ನಿಲ್ಲುತ್ತೆ.”

ನಾನೇ ಎದ್ದು ರೇಡಿಯೊ ಇನ್ನಷ್ಟು ಜೋರು ಮಾಡಿದೆ.

“ಮಾಲೀಕನ ತಲೆಗೆ ಪಟ್ಟಿ ಕಟ್ಟಿದ್ದು ನೀವು.”

“ನಾನೇ. ದಿನಾ ಸಂಜೆ ಕೊನೆಯ ರಕ್ತ ಲ್ಯಾಬಿಗೆ ಕೊಟ್ಟು ಶೆಡ್ಡಿಗೆ ಹೋಗ್ತೀನಿ, ಇಬ್ಬರೂ ಜೊತೆಗೆ ಮನೆಗೆ ನಡೀತೀವಿ. ಅವತ್ತು ತಮ್ಮ ಪುಸ್ತಕ ಕೊಡೋಕೆ ಎಲ್ಲೋ ಹೋಗಿದ್ದ. ಮಾಲೀಕರು ಕಟಿಂಗ್ ಮಷೀನ್ ಹಿಂದೆ ಬಿದ್ದಿದ್ರು. ಪಟ್ಟಿ ಕಟ್ಟಿ, ಅಲ್ಲಿನ ಫೋನಿಂದಲೇ ಆಂಬುಲೆನ್ಸ್ ಕರೆದೆ. ಹೊರಗೆ ಬಂದ್ರೆ ರಸ್ತೆ ಆ ಬದಿ ತಮ್ಮ ನಿಂತಿದ್ದ. ನನ್ನ ಕೈ ನೋಡಿದ. ಪೂರ್ತಿ ರಕ್ತ. ಕೂಗಿದೆ, ಅವನು ತಿರುಗಿ ಓಡಿದ.”

“ನೀವೇ ಹೊಡೆದಿರಿ ಅಂದುಕೊಂಡ.”

“ಅವನೂ ಹಾಗೇ ಅಂದುಕೊಂಡ,” ಎಂದಳು. ‘ಅವನೂ’ ಎಂದದ್ದಕ್ಕೆ ನಾನು ತಲೆ ತಗ್ಗಿಸಬೇಕಾಯಿತು.

ಜೇಬಿನಲ್ಲಿ ಮೊಬೈಲ್ ನಡುಗಿತು. ದಫೇದಾರರು.

“ಮೇಡಂ, ಸಿಹಿ ಹಂಚಿ! ಹುಡುಗ ತಾನೇ ನಡ್ಕೊಂಡು ಬಂದ. ನನಗೆ ತಲೆ ಸರಿಯಿಲ್ಲ, ಮಾತ್ರೆ ಬಿಟ್ಟಿದ್ದೆ, ನಾನೇ ಹೊಡೆದೆ ಅಂತ ಬರ್ಕೊಟ್ಟಿದ್ದಾನೆ. ಪುಸ್ತಕ ಅದುಮೋ ಕಬ್ಬಿಣದ ಗಟ್ಟಿಯಿಂದ ಹೊಡೆದು, ಅದನ್ನ ಅಂಟಿನ ಡ್ರಮ್ಮಲ್ಲಿ ಮುಳುಗಿಸಿದ್ನಂತೆ. ಆ ನೀಲಿ ಡ್ರಮ್ಮಿದೆಯಲ್ಲ, ಹಿಂದಿನ ಬಾಗಿಲ ಹತ್ರ? ಅದರಲ್ಲೇ.”

“ಅವನ ಜೊತೆ ಯಾರಿದ್ದಾರೆ?”

“ನಾನೊಬ್ಬನೇ. ಉಳಿದವರೆಲ್ಲ ಬಂದೋಬಸ್ತಿಗೆ ಹೋಗಿದ್ದಾರೆ.”

“ನಾನು ಬರೋವರೆಗೂ ಅವನನ್ನ ಮುಟ್ಟಬೇಡಿ,” ಎಂದು ಇಟ್ಟೆ. ಅಕ್ಕನಿಗೆ ಹೇಳಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

“ಡ್ರಮ್ಮು ಅಂದ್ನಾ? ಅವನಿಗೆ ಹೇಗೆ ಗೊತ್ತು? ಅವನು ಒಳಗೇ ಬರಲಿಲ್ಲವಲ್ಲ.”

“ನಿಮಗೆ ಗೊತ್ತಾ?”

ಅವಳು ನೆಲ ನೋಡಿದಳು. “ನಾನು ಒಳಗೆ ಹೋದಾಗ ಒಬ್ಬರು ನೀಲಿ ಡ್ರಮ್ಮಿಗೆ ಮೊಣಕೈವರೆಗೆ ಕೈ ಇಳಿಬಿಟ್ಕೊಂಡು ಬಗ್ಗಿದ್ರು. ಅಂಟು ಕಲೆಸ್ತಿದ್ದಾರೆ ಅಂದುಕೊಂಡೆ. ತುಳುಕಿ ಶೂ ಮೇಲೆಲ್ಲ ಬಿದ್ದಿತ್ತು. ನನ್ನ ನೋಡದೆ ಹಿಂದಿನ ಬಾಗಿಲಿಂದ ಹೋದ್ರು. ಆಮೇಲೆ ಮಾಲೀಕರು ಕಂಡಿದ್ದು.”

“ನಾಲ್ಕು ದಿನ! ಯಾಕೆ ಬಾಯಿ ಬಿಡಲಿಲ್ಲ?”

“ಮಂಗಳವಾರ ಅದೇ ಮನುಷ್ಯ ನಿಮ್ಮ ಜೊತೆ ಮನೆಗೆ ಬಂದ್ರು. ಪೊಲೀಸ್ ಬಟ್ಟೆಯಲ್ಲಿ. ಪೊಲೀಸರೇ ಕೊಲೆಗಾರರು ಅನ್ಸೋದು ನನ್ನ ಕಾಯಿಲೆಯ ಮೊದಲ ಲಕ್ಷಣ ಮೇಡಂ. ಅವತ್ತಿನಿಂದ ಒಂದೇ ಯೋಚನೆ, ನನ್ನ ಕಣ್ಣನ್ನ ನಂಬ್ಲಾ ಬೇಡ್ವಾ ಅಂತ.” ತಲೆಯೆತ್ತಿದಳು. “ಆದ್ರೆ ಸೋಮವಾರ ನಾನು ಮಾತ್ರೆ ಮೇಲಿದ್ದೆ. ಸೋಮವಾರ ನಾನು ಸರಿಯಾಗಿದ್ದೆ.”

ಮೂರು ದಿನ ಮಾತ್ರೆ ತಪ್ಪಿದ ರೋಗಿಯ ಮಾತು. ಯಾವ ನ್ಯಾಯಾಧೀಶರು ಕೇಳುತ್ತಾರೆ? ಸಾಹೇಬರು ನಗುತ್ತಾರೆ. ನನಗೂ ನಗಬೇಕೆನಿಸಿತು.

ಆದರೆ ಸುಣ್ಣ ಕೆರೆದರೆ ಪುಡಿಯಾಗುತ್ತದೆ. ಸಿಪ್ಪೆಯ ಹಾಗೆ ಸುರುಳಿಯಾಗಿ ಏಳುವುದು ಒಣಗಿದ ಅಂಟು. ಶೆಡ್ಡಿನ ಬಾಗಿಲೂ ನೋಡಿಲ್ಲ ಎಂದವರಿಗೆ ಡ್ರಮ್ಮಿನ ಬಣ್ಣ ಗೊತ್ತಿತ್ತು, ಅದು ಎಲ್ಲಿದೆ ಎನ್ನುವುದೂ ಗೊತ್ತಿತ್ತು.

ಠಾಣೆಗೆ ಫೋನ್ ಮಾಡಿದೆ. ಎಂಟು ಸಲ ಬಡಿದುಕೊಂಡ ಮೇಲೆ ಎತ್ತಿದರು.

“ದಫೇದಾರ್ರೇ, ಹುಡುಗನಿಗೆ ಫೋನ್ ಕೊಡಿ.”

“ಮಲಗಿದ್ದಾನೆ ಮೇಡಂ.”

“ಎಬ್ಬಿಸಿ.”

“ಏಳ್ತಿಲ್ಲ. ಪಾಪ, ನಾಲ್ಕು ದಿನ ಅಲೆದಿದ್ದಾನಲ್ಲ.” ಅವರ ದನಿ ತಣ್ಣಗಿತ್ತು, ಕೆಲಸ ಮುಗಿಸಿ ಕೈ ಒರೆಸಿಕೊಳ್ಳುವವರ ಹಾಗೆ. “ನೀವು ಹೇಳಿದ್ದು ತಪ್ಪಿಸಿಲ್ಲ ನಾನು. ಮೊದಲು ಮಾತ್ರೆ, ಆಮೇಲೆ ಮಾತು ಅಂದಿದ್ರಲ್ಲ? ಬಂದ ಕೂಡಲೆ ನಾಲ್ಕೂ ಕೊಟ್ಟೆ. ಕೊಡೋವಾಗ ಒಂದು ಸಲ ನನ್ನ ಮುಖ ನೋಡಿದ ಅಷ್ಟೇ. ಬೇಡ ಅನ್ನಲೇ ಇಲ್ಲ. ಒಂದೊಂದಾಗಿ ನುಂಗಿದ.”

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

“ಸೀಲು ಒಡೆದಿದ್ದಕ್ಕೆ ಸಹಿ ಹಾಕಿದ್ದೀನಿ,” ಎಂದರು ದಫೇದಾರರು. “ಯಾರ ಆದೇಶ ಅನ್ನೋ ಕಡೆ ನಿಮ್ಮ ಹೆಸರು ಬರೆದಿದ್ದೀನಿ ಮೇಡಂ.”